ಓಡುಗಲ್ಲು ಬರ್ನಡೆಟ್: ನೀಲಿ ಕೆಟಲಿನ ಗಂಟು

"ಏಳೇ ಮೇಲೆ, ವರ್ನಾ. ನೆಲ ನೆಕ್ತಾ ಇದ್ದೀಯಲ್ಲ, ಏನು ಬಂತು ನಿಂಗೆ?" ಎಂದ ರೇಂಜರ್ ಡೆನ್ಜಿಲ್ ಟ್ರೆಗಾಸ್ಕಿಸ್.

ನಾನು ನಿಜಕ್ಕೂ ನೆಕ್ಕುತ್ತಿದ್ದೆ. ಈ ಒಣಕೆರೆಯ ಮಣ್ಣನ್ನು ನಾಲಿಗೆಗೆ ಮುಟ್ಟಿಸಿ, ಅದು ಯಾವ ವರ್ಷದ ಮಳೆಯಲ್ಲಿ ನೆಂದದ್ದು ಎಂದು ಹೇಳಬಲ್ಲ ನಾಲಿಗೆ ಭೂಮಿಯ ಮೇಲೆ ಒಂದೇ ಇರುವುದು. ಅದು ನನ್ನ ಬಾಯಲ್ಲಿದೆ. ಅಂಥದ್ದನ್ನು ಟ್ರೆಗಾಸ್ಕಿಸನಂಥವರಿಗೆ ಉತ್ತರ ಕೊಟ್ಟು ಸವೆಸಬೇಕಾಗಿ ಬಂದದ್ದು ನನ್ನ ಹಣೆಬರಹ.

"ಉಪ್ಪು ಕಮ್ಮಿ," ಎಂದೆ.

"ಊಟಕ್ಕೆ ಬಂದಿಲ್ಲ ನಾವು."

"ನಿಂಗೆ ಊಟ ಬಿಟ್ರೆ ಬೇರೆ ಏನು ಹೊಳೆಯುತ್ತೆ, ಡೆನ್ಜಿಲ್? ಸುತ್ತ ಮಣ್ಣು ಉಪ್ಪುಪ್ಪು. ಈ ಗೆರೇಲಿ ಮಾತ್ರ ಸಪ್ಪೆ. ಯಾರೋ ಸಿಹಿನೀರು ಹುಯ್ದು ತೊಳೆದಿದ್ದಾರೆ."

ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. ಆ ಟೋಪಿಯ ಕೆಳಗೆ ಕೆರೆಯುವುದಕ್ಕೆ ಕೂದಲೂ ಇಲ್ಲ, ಯೋಚಿಸುವುದಕ್ಕೆ ಮಿದುಳೂ ಇಲ್ಲ. ಸರ್ಕಾರ ಟೋಪಿಯನ್ನು ನೇಮಕ ಮಾಡಿಕೊಂಡಿದೆ. ಅದನ್ನು ಹೊರಲಿಕ್ಕೆ ಒಬ್ಬ ಆಳು ಬೇಕಿತ್ತು, ಅಷ್ಟೆ.

ಒಂದೇ ಮಾತಿನಲ್ಲಿ ಹೇಳಿಬಿಡುತ್ತೇನೆ: ಬರ್ನಡೆಟ್ ಕಾಣೆಯಾಗಿದ್ದಾಳೆ, ಅವಳನ್ನು ಕದ್ದ ಆರೋಪದ ಮೇಲೆ ನನ್ನ ತಂಗಿಯ ಗಂಡ ವೆಂಡೆಲ್ ಎಚೆವೆರಿ ಕೈಕೋಳ ತೊಟ್ಟು ಸರ್ಕಾರಿ ಜೀಪಿನಲ್ಲಿ ಕೂತಿದ್ದಾನೆ, ಮಧ್ಯಾಹ್ನದೊಳಗೆ ನಾನು ಬೇರೆ ಕಳ್ಳನನ್ನು ತೋರಿಸದಿದ್ದರೆ ಅವನು ಜೈಲಿಗೆ ಹೋಗುತ್ತಾನೆ.

ಬರ್ನಡೆಟ್ ಹೆಂಗಸಲ್ಲ, ಕಲ್ಲು. ಗುಡ್ಡದಿಂದ ಉರುಳಿ ಬಂದು, ಈ ಬಟ್ಟಬಯಲಿನಲ್ಲಿ ಯಾರೂ ನೋಡದಾಗ ತನ್ನಷ್ಟಕ್ಕೆ ನಡೆದು, ಹಿಂದೆ ಗೆರೆ ಬಿಟ್ಟು ಹೋಗುವ ಕರಿಗಲ್ಲು. ಕೊಬ್ಬಿದ ಟಗರಿನಷ್ಟು ತೂಕ. ಇಲ್ಲಿನ ಓಡುಗಲ್ಲುಗಳಿಗೆಲ್ಲ ಹೆಣ್ಣು ಹೆಸರು. ಬರ್ನಡೆಟ್‌ಗೆ ಆ ಹೆಸರಿಟ್ಟವಳು ನಮ್ಮಮ್ಮ.

ಕಲ್ಲು ಯಾಕೆ ನಡೆಯುತ್ತದೆ ಎಂದು ಟಿವಿಯವರು ಊಳಿಡುತ್ತಾರೆ. ಅಯಸ್ಕಾಂತವಂತೆ, ಆಕಾಶದವರಂತೆ. ಚಳಿಗಾಲದಲ್ಲಿ ಇಲ್ಲಿ ಅಂಗೈ ಮುಳುಗುವಷ್ಟು ನೀರು ನಿಂತು ಬೆಳಗಿನ ಜಾವ ಗಾಜಿನಂತೆ ಹೆಪ್ಪುಗಟ್ಟುತ್ತದೆ. ಬಿಸಿಲೇರಿದಾಗ ಒಡೆಯುತ್ತದೆ. ಮೆಲ್ಲನೆಯ ಗಾಳಿ ಆ ಐಸಿನ ಹಾಳೆಗಳನ್ನು ತಳ್ಳುತ್ತದೆ, ಹಾಳೆಗಳು ಕಲ್ಲುಗಳನ್ನು ತಳ್ಳುತ್ತವೆ. ಇಷ್ಟೇ. ಇದು ನಮ್ಮ ಊರಿನ ಹೇಸರಗತ್ತೆಗೂ ಗೊತ್ತು. ಟಿವಿಗೆ ಹೇಸರಗತ್ತೆ ಹೋಗುವುದಿಲ್ಲ, ಅದಕ್ಕೆ ಮರ್ಯಾದೆ ಇದೆ.

ಟ್ರೆಗಾಸ್ಕಿಸನ ಬಳಿ ಇದ್ದ ಸಾಕ್ಷಿ ಬೂಟಿನ ಗುರುತು. ಹಸಿ ಒಣಕೆರೆಯ ಮೇಲೆ ಕಾಲಿಡುವುದು ನಮ್ಮಲ್ಲಿ ಚರ್ಚಿನೊಳಗೆ ಉಗುಳುವುದಕ್ಕಿಂತ ದೊಡ್ಡ ಪಾಪ. ಹೂತ ಹೆಜ್ಜೆ ಒಣಗಿ ಕಲ್ಲಾಗಿ, ನಾವು ಸತ್ತ ಮೇಲೂ ಅಲ್ಲೇ ಕೂತು ನಮ್ಮ ಮಾನ ಹರಾಜು ಹಾಕುತ್ತದೆ. ಅಂಥ ಹೆಜ್ಜೆಗಳ ಸಾಲೊಂದು ದಡದಿಂದ ಬರ್ನಡೆಟ್ ಕೂತಿದ್ದ ಕುಳಿಯವರೆಗೆ ಹೋಗಿ ಹಿಂದಿರುಗಿತ್ತು. ಹಿಮ್ಮಡಿಯಲ್ಲಿ ಕುರಿ ಕಾಯುವವರ ಲಾಳ. "ನಿನ್ನ ಬೂಟೇನೋ?" ಎಂದರೆ ವೆಂಡೆಲ್ "ಹೌದು" ಎಂದ. "ನೀನೇ ನಡೆದದ್ದೇನೋ?" ಎಂದರೆ ಬಾಯಿಗೆ ಬೀಗ.

ವೆಂಡೆಲ್ ಬೆಟ್ಟದಂಥ ಆಳು. ಹೆಜ್ಜೆಗಳ ನಡುವಿನ ಅಂತರ ಮಾತ್ರ ಗಿಡ್ಡ. ಟ್ರೆಗಾಸ್ಕಿಸನಿಗೆ ಇದು ಕಾಣಲೇ ಇಲ್ಲ. ನನಗೆ ಕಂಡಿತು, ಕಂಡ ಕೂಡಲೇ ಕಾರಣವೂ ಹೊಳೆಯಿತು: ಜಾರುವ ಕೆಸರಿನಲ್ಲಿ ದೈತ್ಯನೂ ಮಗುವಿನ ಹೆಜ್ಜೆ ಹಾಕುತ್ತಾನೆ. ಇಷ್ಟೊಂದು ಬುದ್ಧಿಯನ್ನು ದೇವರು ಒಬ್ಬಳಿಗೇ ಕೊಡಬಾರದಿತ್ತು.

ಈಗ ನಾನು ನೆಕ್ಕುತ್ತಿದ್ದದ್ದು ಆ ಹೆಜ್ಜೆಗಳನ್ನಲ್ಲ. ಬರ್ನಡೆಟ್‌ಳ ಕುಳಿಯಿಂದ ಮುಂದಕ್ಕೆ ಹೊಸ ಗೆರೆಯೊಂದು ಹೊರಟು, ನಡುಬಯಲಲ್ಲಿ ಏನೂ ಇಲ್ಲದ ಕಡೆ ನಿಂತುಹೋಗಿತ್ತು. ಗೆರೆಯ ತುದಿಯಲ್ಲಿ ಕಲ್ಲಿಲ್ಲ. ಅದನ್ನೇ ತೋರಿಸಿ, "ಭೂಮಿ ಬಾಯಿಬಿಟ್ಟು ಬರ್ನಡೆಟ್‌ಳನ್ನು ನುಂಗಿತು" ಎಂದು ದೇಶಕ್ಕೆಲ್ಲ ಸಾರಲು ಟಿವಿಯ ಕ್ಯಾಲವೇ ಸಿದ್ಧನಾಗಿದ್ದ.

ಕ್ಯಾಲವೇ ನಮ್ಮ ಹಿಂದೆಯೇ ನಿಂತಿದ್ದ. ಮುಖಕ್ಕೆ ಬಿಸಿಲು ತಡೆಯುವ ಬಿಳಿ ಲೇಪ, ಕೊರಳಿಗೆ ರೇಷ್ಮೆ ವಸ್ತ್ರ. ಬಿಸಿಲು ಅವನನ್ನು ಕಂಡು ನಕ್ಕು ಮೋಡದ ಹಿಂದೆ ಹೋಗಿತ್ತು, ಮೋಡವೇ ಇಲ್ಲದ ನಮ್ಮ ಆಕಾಶದಲ್ಲಿ.

"ಕ್ಯಾಲವೇ, ಬಾರಯ್ಯಾ ಇಲ್ಲಿ. ಮಂಡಿಯೂರು."

"ಈ ಪ್ಯಾಂಟಲ್ಲೇ?"

"ಬಿಚ್ಚಿ ಊರಿದ್ರೂ ನಂಗೇನಿಲ್ಲ, ನೋಡೋಕೆ ಏನಿರುತ್ತೆ ಅಲ್ಲಿ. ಊರು."

ಊರಿದ. ನಾನು ಹಳೆಯ ಗೆರೆಯನ್ನು ತೋರಿಸಿದೆ. ನೆಲ ಒಣಗಿ ಅಂಗೈಯಗಲದ ಬಿಲ್ಲೆಬಿಲ್ಲೆಯಾಗಿ ಬಿರಿದಿತ್ತು, ಬಿರುಕುಗಳು ಗೆರೆಯ ಮೇಲೂ ಎಗ್ಗಿಲ್ಲದೆ ಹಾದುಹೋಗಿದ್ದವು. ಗೆರೆ, ನೆಲ ಎರಡೂ ಒಟ್ಟಿಗೆ ನೆಂದು ಒಟ್ಟಿಗೆ ಒಣಗಿದ ಗುರುತು ಅದು. ಆಮೇಲೆ ಹೊಸ ಗೆರೆಯನ್ನು ತೋರಿಸಿದೆ. ಅಲ್ಲಿ ಬಿಲ್ಲೆಗಳು ಉಗುರಿನಷ್ಟು ಸಣ್ಣವು, ಅಂಚು ಮೇಲೆದ್ದು ಸುಟ್ಟ ಹಪ್ಪಳದಂತೆ ಮುರುಟಿದ್ದವು. ಒಂದನ್ನು ಕಿತ್ತು ಅವನ ಮೂಗಿನ ಕೆಳಗೆ ಪಟ್ಟನೆ ಮುರಿದೆ.

"ಒಣನೆಲದ ಮೇಲೆ ಉದ್ದಕ್ಕೆ ನೀರು ಹುಯ್ದು, ಹಸಿಯಾದ ಪಟ್ಟೆ ಮೇಲೆ ಏನನ್ನೋ ಎಳೆದಿದ್ದೀಯ. ಮೇಲಿನ ಪದರ ಮಾತ್ರ ನೆಂದು ಹಪ್ಪಳ ಎದ್ದಿದೆ. ಇನ್ನೊಂದು. ಬರ್ನಡೆಟ್ ಇದ್ದ ಕುಳಿ ಪಕ್ಕದಲ್ಲಿ ಅವಳ ಮರಿಗಳ ಥರ ಸಣ್ಣ ಕಲ್ಲುಗಳಿವೆ, ನೋಡು. ಐಸು ತಳ್ಳಿದ್ರೆ ಎಲ್ಲಾನೂ ಒಟ್ಟಿಗೇ ತಳ್ಳುತ್ತೆ, ಕುರಿಮಂದೆ ಥರ. ತಾಯಿ ಅಷ್ಟು ದೂರ ನಡೆದು ಮರಿಗಳು ಅಲ್ಲೇ ಕೂತಿವೆ ಅಂದ್ರೆ? ಯಾವ ಮೂರ್ಖನ ಕೆಲಸ ಇದು?"

"ಗಾಳಿ..."

"ಗಾಳಿ ನಿನ್ನ ತಲೇಲಿದೆ. ಇದೇನಿದು?"

ಹಪ್ಪಳದ ಬಿಲ್ಲೆಗಳ ನಡುವೆ ಸಿಕ್ಕಿದ್ದ ಚೂರನ್ನು ಎತ್ತಿ ಹಿಡಿದೆ. ನೀಲಿ ಎನಾಮಲ್. ಪಾತ್ರೆಯ ಮೂತಿಯಿಂದ ಎಗರಿದ ಚಕ್ಕೆ. ಸಣ್ಣ ಗೆರೆಯಲ್ಲಿ ನೀರು ಹುಯ್ಯಬೇಕಾದರೆ ಮೂತಿಯಿರುವ ಪಾತ್ರೆ ಬೇಕು. ಮೂತಿಯಿರುವ ಪಾತ್ರೆಗಳು ಈ ಸೀಮೆಯಲ್ಲಿ ಸಾಲಾಗಿ ನೇತಾಡುವ ಜಾಗ ಒಂದೇ: ಒಣಕೆರೆಯ ದಾರಿಯಲ್ಲಿರುವ ಕೆಟಲ್ ಕೂಡುರಸ್ತೆ.

ಕ್ಯಾಲವೇಯ ಮುಖದ ಬಿಳಿ ಲೇಪ ಬೆವರಿಗೆ ಕರಗಿ ರೇಷ್ಮೆ ವಸ್ತ್ರಕ್ಕೆ ಇಳಿಯಿತು.

"ನೀರು ಹುಯ್ದದ್ದು ನಾನೇ," ಎಂದ. "ನೀರು ತುಂಬಿದ ಚಕ್ರದ ತೊಟ್ಟಿಯನ್ನ ಎಳ್ಕೊಂಡು ಬಂದೆ. ಕೆಟಲಲ್ಲಿ ಹುಯ್ದು, ಮರದ ದಿಮ್ಮಿ ಎಳೆದೆ. ಆದ್ರೆ ಕಲ್ಲು ನಾನು ತೆಗೀಲಿಲ್ಲ! ನಾನು ಬಂದಾಗ ಬರೀ ಕುಳಿ ಇತ್ತು. ಖಾಲಿ ಕುಳಿ ನೋಡಿ ಯಾರು ಟಿವಿ ನೋಡ್ತಾರೆ ಹೇಳಿ? ಅದಕ್ಕೇ ಒಂದು ಕಥೆ ಕೊಟ್ಟೆ."

"ಕೇಳಿದೆಯಾ, ಡೆನ್ಜಿಲ್? ಕಳ್ಳ ಸಿಕ್ಕ. ವೆಂಡೆಲ್‌ನ ಬಿಡು."

"ಕೇಳಿದೆ," ಎಂದ ಟ್ರೆಗಾಸ್ಕಿಸ್ ಎಮ್ಮೆ ಮೆಲುಕು ಹಾಕುವಂತೆ ನಿಧಾನವಾಗಿ. "ಇವನು ಸುಳ್ಳು ಗೆರೆ ಎಳೆದ, ಅಷ್ಟೆ. ಕಲ್ಲು ಮೊದಲೇ ಹೋಗಿತ್ತು ಅಂತಾನಲ್ಲ. ಹಾಗಾದ್ರೆ ಹಸಿಯಲ್ಲೇ ಹೋಗಿದೆ. ಹಸಿಯಲ್ಲಿ ನಡೆದ ಬೂಟು ಒಂದೇ."

"ಅವನ ಮಾತು ನಂಬ್ತೀಯಾ? ಆಕಾಶದವರು ಕೊಡಗಟ್ಟಲೆ ಹಾಲು ಕರೆದುಕೊಂಡು ಹೋದ್ರು ಅಂದವನು ಇವನು."

"ಆ ಕೆಟಲ್ ನೋಡೋಣ," ಎಂದಷ್ಟೇ ಹೇಳಿ ಅವನು ಜೀಪಿನತ್ತ ನಡೆದ.

*

ದಡದಲ್ಲಿ ನನ್ನ ಟೋಯಿಂಗ್ ಲಾರಿ ನಿಂತಿತ್ತು. ಅದರ ಮುಂದಿನ ಬಂಪರ್ ಮೇಲಿನ ಪೆಟ್ಟಿಗೆಯ ಮೇಲೆ ನನ್ನ ತಂಗಿ ಓಪಲ್ ಕಾಲು ಇಳಿಬಿಟ್ಟು ಕೂತು ಸೂರ್ಯಕಾಂತಿ ಬೀಜ ಜಗಿದು ಸಿಪ್ಪೆ ಉಗುಳುತ್ತಿದ್ದಳು. ಬೆಳಗಿನಿಂದ ಅಲ್ಲೇ ಕೂತಿದ್ದಳು. ಗಂಡ ಕೈಕೋಳದಲ್ಲಿ, ಹೆಂಡತಿ ಬೀಜದಲ್ಲಿ. ನಮ್ಮ ಆಕ್ಸ್‌ಬರೋ ಮನೆತನದ ಗಟ್ಟಿತನವೇ ಅಂಥದ್ದು. ನಮ್ಮ ಹೆಂಗಸರು ಅಳುವುದಿಲ್ಲ, ಟಗರನ್ನು ಹೆಗಲ ಮೇಲೆ ಹೊತ್ತು ಗುಡ್ಡ ಹತ್ತುತ್ತಾರೆ. ನಮ್ಮಮ್ಮ ಎರಡು ಹೊತ್ತಿದ್ದಳು, ಬಾಯಲ್ಲಿ ಇನ್ನೊಂದು ಕಚ್ಚಿಕೊಂಡಿದ್ದಳು.

"ಒಳಗೆ ಬಂದು ಕೂತ್ಕೊಳ್ಳೇ, ಧೂಳು," ಎಂದೆ.

"ಇಲ್ಲೇ ಗಾಳಿ ಚೆನ್ನಾಗಿದೆ."

"ಗಾಡಿ ಓಡ್ತಾ ಇರೋವಾಗ ಬಂಪರ್ ಮೇಲೆ ಕೂತ್ಕೊತೀಯಾ?"

"ನೀನು ಓಡಿಸೋ ವೇಗಕ್ಕೆ ಆಮೆ ಮೇಲೂ ಕೂತ್ಕೋಬಹುದು, ಅಕ್ಕಾ."

ಆ ಪೆಟ್ಟಿಗೆಯ ವಿಷಯ ನಮ್ಮ ಕಸುಬಿನವರಿಗೆ ಗೊತ್ತು. ಕೆಟ್ಟ ಗಾಡಿಯನ್ನು ಹಿಂದಿನಿಂದ ಎತ್ತಿ ಎಳೆಯುವಾಗ ಲಾರಿಯ ಮೂತಿ ಹಗುರಾಗಿ ಮೇಲೇಳುತ್ತದೆ, ಸ್ಟೀರಿಂಗ್ ಮಾತು ಕೇಳುವುದಿಲ್ಲ. ಅದಕ್ಕೇ ಮುಂದೆ ಪೆಟ್ಟಿಗೆಯಿಟ್ಟು ಮರಳಿನ ಚೀಲ ತುಂಬಿರುತ್ತೇವೆ. ನನ್ನ ಲಾರಿಗೆ ಅದೂ ಬೇಕಿಲ್ಲ. ಹೋದ ವಾರ ಕ್ಯಾಲವೇಯ ಮಹಾರಾಜ ವ್ಯಾನಿನ ಟೈರುಗಳು ನಮ್ಮ ದಾರಿಯ ಚೂಪುಗಲ್ಲಿಗೆ ಒಡೆದು ಹೋದಾಗ ನಾನೇ ಎಳೆದು ತಂದೆ. ಲಾರಿಯ ಮೂತಿ ಒಂದಿಷ್ಟೂ ಎದ್ದಿರಲಿಲ್ಲ! ಈ ಚಳಿಗಾಲದಿಂದ ನನ್ನ ಮಣಿಕಟ್ಟಿಗೆ ಅಂಥ ಸಿದ್ಧಿ ಬಂದುಬಿಟ್ಟಿದೆ. ಬೇರೆಯವರಾಗಿದ್ದರೆ ಇದಕ್ಕೆ ಪಾಠಶಾಲೆ ತೆರೆಯುತ್ತಿದ್ದರು. ನಾನು ವಿನಯವಂತೆ.

ಕೊನೆಗೆ ಗದರಿಸಿ ಓಪಲ್‌ಳನ್ನು ಒಳಗೆ ಕೂರಿಸಿಕೊಂಡೆ. ದಾರಿಯುದ್ದಕ್ಕೂ ಅವಳು ಮುಂದಿನ ಗಾಜಿನಿಂದ ಬಂಪರನ್ನೇ ನೋಡುತ್ತಿದ್ದಳು. ಗಂಡನನ್ನು ಕೂರಿಸಿದ್ದ ಜೀಪು ನಮ್ಮ ಹಿಂದೆ ಬರುತ್ತಿತ್ತು. ಅವಳು ತಿರುಗಿ ನೋಡಲಿಲ್ಲ.

"ಹೆದರಬೇಡ ಕಣೇ," ಎಂದೆ. "ನಾನಿರೋವಾಗ ವೆಂಡೆಲ್‌ಗೆ ಏನೂ ಆಗಲ್ಲ."

"ನೀನಿರೋದೇ ನಂಗೆ ಭಯ," ಎಂದಳು.

ತಮಾಷೆ ಮಾಡುತ್ತಾಳೆ, ಪಾಪ.

*

ಕೂಡುರಸ್ತೆಯ ಮರದ ಫಲಕದ ಸುತ್ತ ಕೆಟಲುಗಳು ತೂಗುತ್ತಿದ್ದವು. ತುಕ್ಕು ಹಿಡಿದವು, ಹೊಸವು, ಹೆಸರು ಬರೆದವು, ಸಿಳ್ಳೆ ಹಾಕುವವು. ಹೊರಗಿನವರು ತಮಾಷೆಗೆ ಕಟ್ಟಿ ಹೋಗುತ್ತಾರೆ. ನಮ್ಮಂಥ ಹಳೆಯ ಮನೆಗಳವರು ತಮ್ಮವರು ತೀರಿಕೊಂಡಾಗ ಅವರು ಬಳಸಿದ ಕೆಟಲನ್ನು ಕಟ್ಟುತ್ತೇವೆ, ಮೂತಿ ನಮ್ಮ ಮನೆಯ ಕಡೆಗೆ ತಿರುಗಿಸಿ. ಇನ್ನೊಬ್ಬರ ಕೆಟಲನ್ನು ಮುಟ್ಟುವುದಿಲ್ಲ. ಮುಟ್ಟಿದವನ ಬಾವಿ ಬತ್ತುತ್ತದೆ ಎನ್ನುತ್ತಾರೆ. ಇಲ್ಲಿ ಯಾರಿಗೂ ಬಾವಿಯಿಲ್ಲ, ಆದರೂ ಮುಟ್ಟುವುದಿಲ್ಲ.

ನಾನು ಚಕ್ಕೆಯನ್ನು ಹಿಡಿದು ಸಾಲನ್ನು ನೋಡುತ್ತ ಹೋದೆ. ನೀಲಿ ಕೆಟಲ್ ಒಂದೇ ಇತ್ತು. ಮುಚ್ಚಳದ ಗುಂಡಿ ಮುರಿದದ್ದು. ಮೂತಿಯ ತುದಿಯಲ್ಲಿ ಹೊಸ ಗಾಯ. ಚಕ್ಕೆಯನ್ನು ಇಟ್ಟೆ, ಹಲ್ಲು ವಸಡಿನಲ್ಲಿ ಕೂತಂತೆ ಕೂತಿತು.

ನಮ್ಮಮ್ಮನ ಕೆಟಲ್.

ನಾನು ತಿರುಗಿದ ರಭಸಕ್ಕೆ ಕ್ಯಾಲವೇ ಜೀಪಿಗೆ ಬೆನ್ನು ಬಡಿದುಕೊಂಡ.

"ಸತ್ತವಳ ಕೆಟಲನ್ನ ಕಿತ್ತು ಅದ್ರಲ್ಲಿ ಕೆಸರಿಗೆ ನೀರು ಹುಯ್ದೆಯಲ್ಲೋ! ನಿನ್ನ ಅಮ್ಮನ ಸಮಾಧಿ ಮೇಲೆ ಬಟ್ಟೆ ಒಣಗಿ ಹಾಕಿದ್ರೆ ಸುಮ್ನಿರ್ತೀಯಾ?"

"ಗೊತ್ತಿರಲಿಲ್ಲ! ಎಲ್ಲಾ ಹಳೇ ಸಾಮಾನು ಅಂದ್ಕೊಂಡೆ."

"ಹಳೇ ಸಾಮಾನು ನೀನು. ಕಟ್ಟೋದಾದ್ರೂ ಮತ್ತೆ..."

ಅಲ್ಲಿಗೆ ನಾನೇ ನಿಂತೆ. ಕೆಟಲ್ ಸರಿಯಾಗಿಯೇ ಕಟ್ಟಿತ್ತು. ಮೂತಿ ನಮ್ಮ ಮನೆಯ ಕಡೆಗೆ.

"ನಾನು ಕಟ್ಟಲಿಲ್ಲ," ಎಂದ ಕ್ಯಾಲವೇ. "ಕೆಲಸ ಆದ್ಮೇಲೆ ಇಲ್ಲೇ ಪೊದೆ ಕಡೆ ಎಸೆದು ಹೋದೆ. ನಿಜ ಹೇಳ್ತೀನಿ. ಆ ತಂತಿ ಕಟ್ಟೋಕೆ ನಂಗೆ ಬರೋದೂ ಇಲ್ಲ."

ಅದು ಮಾತ್ರ ನಿಜವಿರಬೇಕು, ಬೂಟಿನ ದಾರವನ್ನೂ ಅವನಿಗೆ ಯಾರೋ ಕಟ್ಟಿಕೊಡುತ್ತಾರೆ.

ಅವನು ತೋರಿಸಿದ ಪೊದೆಯ ಹಿಂದೆ ಗೋಣಿಚೀಲಗಳೆರಡು ಬಿದ್ದಿದ್ದವು. ಬಿಸಿಲಿಗೆ ಬಣ್ಣಗೆಟ್ಟು ಹರಿದು, ಮರಳು ಚೆಲ್ಲಿತ್ತು. ಸಿಕ್ಕಿಬಿದ್ದ!

"ನೋಡಿದೆಯಾ, ಡೆನ್ಜಿಲ್! ಇವನ ಕ್ಯಾಮೆರಾ ಕಾಲಿಗೆ ಒತ್ತಿಡೋ ಮರಳಿನ ಚೀಲ. ಕಲ್ಲು ಹೊರೋಕೆ ಗಾಡಿ ಹಗುರ ಮಾಡ್ಕೊಂಡು ಇಲ್ಲೇ ಎಸೆದಿದ್ದಾನೆ. ಕಸ ಎಸೆಯೋ ಜಾತಿ!"

"ನಮ್ಮವು ಕಪ್ಪು ಚೀಲ," ಎಂದ ಕ್ಯಾಲವೇ. "ಹಿಡಿ ಇರೋವು. ಇದು ಕುರಿ ಮೇವಿನ ಗೋಣಿ. ಮತ್ತೆ ಇಷ್ಟು ಬಿಸಿಲು ತಿಂದಿರಬೇಕಾದ್ರೆ ನಾನು ಬರೋಕೆ ಎಷ್ಟೋ ಮುಂಚೆ ಬಿದ್ದಿರಬೇಕು."

ಮೂರ್ಖನ ಬಾಯಿಂದ ಒಮ್ಮೊಮ್ಮೆ ಅಪ್ಪಿತಪ್ಪಿ ಬುದ್ಧಿ ಬೀಳುತ್ತದೆ, ಹಲ್ಲು ಬಿದ್ದಂತೆ. ನಾನು ಅದನ್ನು ಕಾಲಿನಿಂದ ಒದ್ದು ಮುಂದೆ ಹೋದೆ. ಯಾಕೆಂದರೆ ಅಷ್ಟರಲ್ಲಿ ನನಗೆ ಗಂಟು ಕಂಡಿತ್ತು.

ಕೆಟಲಿನ ಹಿಡಿಯ ತಂತಿ! ಎರಡು ಸುತ್ತು, ಬಾಲ ಹಿಂದಕ್ಕೆ ಮಡಚಿ ಮೊದಲ ಸುತ್ತಿನ ಒಳಗೆ ತೂರಿಸಿದ್ದು. ಗೆಲುವಿನಲ್ಲಿ ನನ್ನ ಗಂಟಲು ಬಯಲು ತುಂಬ ಮೊಳಗಿತು.

"ಡೆನ್ಜಿಲ್, ಇಲ್ಲಿ ಬಾ! ಈ ಗಂಟು ನಮ್ಮಪ್ಪನ ಗಂಟು. ಗಣಿಯ ಬಕೆಟ್ಟಿಗೆ ಹಾಕ್ತಿದ್ದದ್ದು. ಭೂಕಂಪ ಆದ್ರೂ ಬಿಚ್ಚಲ್ಲ. ಆಕ್ಸ್‌ಬರೋ ಕೈ ಬಿಟ್ರೆ ಪ್ರಪಂಚದಲ್ಲಿ ಯಾವ ಕೈಗೂ ಇದು ಬರಲ್ಲ. ಮೊನ್ನೆ ಈ ಗೆರೆ ಎಳೆದ ಮೇಲೆ ಇಲ್ಲಿಗೆ ಬಂದು ಇದನ್ನ ಕಟ್ಟಿದವರು..."

ನಾನು ಬೆರಳು ಮಡಚಿ ಎಣಿಸಿದೆ.

ಅಪ್ಪ ಸತ್ತು ಬಹಳ ಕಾಲವಾಯಿತು. ಆ ಗಂಟು ಬರುವ ಕೈಗಳು ಎರಡು ಜೋಡಿ. ಒಂದು ನನ್ನದು, ನಾನು ಕಟ್ಟಿರಲಿಲ್ಲ. ಇನ್ನೊಂದು ಲಾರಿಯ ಬಂಪರಿನ ಮೇಲೆ ಮತ್ತೆ ಹೋಗಿ ಕೂತು ಬೀಜದ ಸಿಪ್ಪೆ ಉಗುಳುತ್ತಿತ್ತು. ಅಮ್ಮ ತೀರಿದ ಮೇಲೆ ಇವತ್ತಿನವರೆಗೆ ಈ ದಾರಿಗೆ ಕಾಲೇ ಇಟ್ಟಿರಲಿಲ್ಲ ಎಂದು ಓಪಲ್ ಬೆಳಿಗ್ಗೆ ಟ್ರೆಗಾಸ್ಕಿಸನ ಮುಂದೆ ಪ್ರಮಾಣ ಮಾಡಿದ್ದಳು.

ಕುರಿ ಮೇವಿನ ಗೋಣಿ. ನನ್ನ ಪೆಟ್ಟಿಗೆಗೆ ಮರಳು ತುಂಬಿ ಕೊಟ್ಟದ್ದು ಓಪಲ್, ವೆಂಡೆಲನ ಕೊಟ್ಟಿಗೆಯ ಗೋಣಿಗಳಲ್ಲಿ.

ದೈತ್ಯನ ಬೂಟು, ಗಿಡ್ಡ ಹೆಜ್ಜೆ.

ಚಳಿಗಾಲದಿಂದ ಮೇಲೇಳದ ಲಾರಿಯ ಮೂತಿ. ನನ್ನ ಮಣಿಕಟ್ಟಿನ ಸಿದ್ಧಿ!

ಇಡೀ ಸೀಮೆಯಲ್ಲಿ ಬರ್ನಡೆಟ್‌ಳನ್ನು ಹುಡುಕುತ್ತ ನಾನು ಅಲೆದ ದಾರಿಯಲ್ಲೆಲ್ಲ ಅವಳನ್ನು ಮುಂದಿನ ಪೆಟ್ಟಿಗೆಯಲ್ಲಿ ಕೂರಿಸಿಕೊಂಡೇ ಅಲೆದಿದ್ದೆ. ನನ್ನಷ್ಟು ದೊಡ್ಡ ಪತ್ತೇದಾರಳು ಇಲ್ಲವೆಂದು ನಾನು ಹೇಳುತ್ತಿದ್ದದ್ದು ಸುಳ್ಳಲ್ಲ. ನನ್ನಷ್ಟು ದೊಡ್ಡ ಕತ್ತೆಯೂ ಇಲ್ಲ.

ಜೀಪಿನೊಳಗೆ ವೆಂಡೆಲ್ ಹಣೆಯನ್ನು ಗಾಜಿಗೆ ಒತ್ತಿ ನನ್ನನ್ನೇ ನೋಡುತ್ತಿದ್ದ. ಬೇಡ ಎನ್ನುವಂತೆ ತಲೆಯಾಡಿಸಿದ. ಅವನು ಬಾಯಿ ಬಿಡದೆ ಕೂತದ್ದು ಯಾರಿಗಾಗಿ ಎಂದು ನನಗೆ ಈಗ ತಿಳಿಯಿತು. ಓಪಲ್ ಯಾಕೆ ಹೀಗೆ ಮಾಡಿದಳು ಎನ್ನುವುದು ತಿಳಿಯಲಿಲ್ಲ.

"ಕಟ್ಟಿದವರು?" ಎಂದ ಟ್ರೆಗಾಸ್ಕಿಸ್.

"ಗಾಳಿ," ಎಂದೆ.

"ಗಾಳಿ ಯಾರ ತಲೇಲಿದೆ ಅಂತ ಆಗ ಹೇಳಿದೆಯಲ್ಲ."

ಅವನು ನೀಲಿ ಕೆಟಲಿನ ಗಂಟನ್ನು ಬೆರಳಲ್ಲಿ ಮುಟ್ಟಿ ನೋಡಿದ. ಗೋಣಿಯೊಂದನ್ನು ಎತ್ತಿ ಮೂಸಿದ. ಆಮೇಲೆ ಆ ಎಮ್ಮೆಯಂಥ ನಿಧಾನದಲ್ಲೇ ನಡೆದು ಹೋಗಿ ನನ್ನ ಲಾರಿಯ ಮುಂದೆ ನಿಂತ. ಓಪಲ್‌ಳ ಎರಡು ಕಾಲುಗಳ ನಡುವೆ ಪೆಟ್ಟಿಗೆಯ ಚಿಲಕ ಕಾಣುತ್ತಿತ್ತು. ಅದಕ್ಕೆ ಬೀಗವಿಲ್ಲ, ತಂತಿ. ಎರಡು ಸುತ್ತು, ಬಾಲ ಹಿಂದಕ್ಕೆ.

ಟೋಪಿಯ ಕೆಳಗೆ ಏನೋ ಇತ್ತು. ಇಷ್ಟು ವರ್ಷ ಬಚ್ಚಿಟ್ಟಿದ್ದ, ದ್ರೋಹಿ.

"ಓಪಲಮ್ಮಾ, ಸ್ವಲ್ಪ ಇಳೀತೀಯಾ?"

"ಗಾಡಿ ನಂದಲ್ಲ," ಎಂದಳು ಓಪಲ್. ಅವಳ ಕಣ್ಣು ನನ್ನ ಮೇಲಿತ್ತು. ಮೊದಲ ಸಲ ಬೀಜ ಜಗಿಯುವುದು ನಿಂತಿತ್ತು. "ವರ್ನಾನ ಕೇಳು."

ಎಲ್ಲರೂ ನನ್ನತ್ತ ತಿರುಗಿದರು. ಜೀಪಿನಲ್ಲಿ ಒಬ್ಬ, ಬಂಪರಿನ ಮೇಲೆ ಒಬ್ಬಳು. ಯಾರ ಹೆಸರು ಹೇಳಿದರೂ ನಮ್ಮ ಮನೆಯಿಂದಲೇ ಒಬ್ಬರು ಹೋಗಬೇಕು. ಇನ್ನೊಂದು ಹೆಸರು ಉಳಿದಿತ್ತು. ಬಹಳ ದೊಡ್ಡ ಹೆಸರು, ನಾನು ದಿನಕ್ಕೆ ನೂರು ಸಲ ಹೇಳಿಕೊಳ್ಳುವುದು.

"ಆ ಗಂಟು ನಾನೇ ಹಾಕಿದ್ದು," ಎಂದೆ. "ಎರಡೂ."

ಟ್ರೆಗಾಸ್ಕಿಸ್ ಪೆಟ್ಟಿಗೆಯ ಚಿಲಕದತ್ತ ಬೆರಳು ತೋರಿಸಿದ.

"ಹಾಗಾದ್ರೆ ಬಿಚ್ಚು," ಎಂದ.

ಓಪಲ್ ಪೆಟ್ಟಿಗೆಯಿಂದ ಇಳಿದಳು. ಗಿಡ್ಡಿಯಾದರೂ ಟಗರು ಹೊರುವಷ್ಟು ಮೈಕಟ್ಟಿನ ಹೆಂಗಸು ಇಳಿದರೂ ನನ್ನ ಲಾರಿಯ ಮೂತಿ ಕೂದಲೆಳೆಯಷ್ಟೂ ಮೇಲೇಳಲಿಲ್ಲ.